ಪಾಠ ಹೇಳಬೇಡಿ, ಪಾಠ ಕೇಳಿ

2019ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಹಾಸನ ಜಿಲ್ಲೆ ಶೇ 89.33ರಷ್ಟು ಮಕ್ಕಳನ್ನು ಪಾಸು ಮಾಡಿಸಿ ಇಡೀ ರಾಜ್ಯದಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. 2023ರಲ್ಲಿ ಮತ್ತೆ ಮೂರನೆಯ ಸ್ಥಾನ. ಇವತ್ತಿಗೂ ಹಾಸನದಲ್ಲಿ, ಹೊಳೆನರಸೀಪುರದಲ್ಲಿ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಮಗು ಹತ್ತನೇ ಕ್ಲಾಸಿಗೆ ಬಂತೆಂದರೆ ಮನೆಮಂದಿಯೆಲ್ಲ ಎಚ್ಚೆತ್ತುಕೊಳ್ಳುತ್ತಾರೆ. ಟಿ.ವಿ. ಕೇಬಲ್ ತೆಗೆಸುತ್ತಾರೆ, ಬೆಳಗಿನ ಜಾವಕ್ಕೆ ಎಬ್ಬಿಸುತ್ತಾರೆ, ನೆಂಟರ ಮದುವೆಗೂ ಕರೆದುಕೊಂಡು ಹೋಗುವುದಿಲ್ಲ. ಶಾಲೆಯಲ್ಲಿ ವಿಶೇಷ ತರಗತಿ, ಸರಣಿ ಪರೀಕ್ಷೆ ಶುರುವಾಗುತ್ತವೆ.

ಈ ಎಚ್ಚರ ಒಳ್ಳೆಯದೇ. ಆದರೆ ನಾಲ್ಕು ವರ್ಷ ತಡವಾಗಿ ಬರುತ್ತದೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಕೂತುಬಿಡುವ ಮಗು ಬಹಳ ಸಲ ಆರನೇ ಕ್ಲಾಸಿನ ಭಿನ್ನರಾಶಿಯಲ್ಲೇ ಕೂತಿರುತ್ತದೆ. ವಿಜ್ಞಾನದ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ನಾಲ್ಕು ಸಾಲು ಬರೆಯಲಾಗದ ಮಗು, ಏಳನೇ ಕ್ಲಾಸಿನಲ್ಲೇ ನೋಟ್ಸ್ ಉರು ಹೊಡೆಯುವುದಕ್ಕೆ ಒಗ್ಗಿಹೋಗಿರುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯ ಬಹುಪಾಲು ಆರು, ಏಳು, ಎಂಟನೆಯ ತರಗತಿಗಳಲ್ಲೇ ತೀರ್ಮಾನವಾಗುತ್ತದೆ. ವಿಚಿತ್ರವೆಂದರೆ, ಮನೆಯವರು ಕೈಬಿಡುವುದೂ ಇದೇ ಮೂರು ವರ್ಷಗಳಲ್ಲಿ. ಒಂದನೇ ಕ್ಲಾಸಿನ ಮಗುವಿನ ಕೈಹಿಡಿದು ಅ ಆ ತಿದ್ದಿಸಿದ ತಾಯಿ, ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ‘ಇನ್ನು ಇದೆಲ್ಲ ನಂಗೆಲ್ಲಿ ತಿಳೀತದೆ’ ಎಂದು ಹಿಂದೆ ಸರಿಯುತ್ತಾಳೆ. ತಂದೆ ಟ್ಯೂಷನ್ ಫೀಜು ಕಟ್ಟಿ ತನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ.

ಈ ಲೇಖನ ಆ ತಾಯಿಗೆ, ಆ ತಂದೆಗೆ. ಹೇಳಬೇಕಾದ ಮಾತು ಒಂದೇ: ನಿಮಗೆ ಪಾಠ ಬರಬೇಕಾಗಿಲ್ಲ. ಮಗು ಕಲಿತದ್ದನ್ನು ಕೂತು ಕೇಳಿಸಿಕೊಳ್ಳಲು ಬಂದರೆ ಸಾಕು.

ಈ ಮೂರು ವರ್ಷ ಏಕೆ ಕಷ್ಟ?

ಐದನೇ ಕ್ಲಾಸಿನವರೆಗೆ ಓದುವುದನ್ನು ಕಲಿಸುತ್ತಾರೆ. ಆರರಿಂದ ಓದಿ ಕಲಿಯಬೇಕು. ಒಬ್ಬರೋ ಇಬ್ಬರೋ ಮೇಷ್ಟ್ರು ಎಲ್ಲ ಪಾಠ ಮಾಡುತ್ತಿದ್ದ ಕಡೆ ಈಗ ವಿಷಯಕ್ಕೊಬ್ಬರು ಬರುತ್ತಾರೆ. ಪರಿಸರ ಅಧ್ಯಯನವೆಂಬ ಒಂದೇ ಪುಸ್ತಕ ವಿಜ್ಞಾನ, ಸಮಾಜ ಎಂದು ಎರಡಾಗುತ್ತದೆ. ಗಣಿತಕ್ಕೆ ದಶಮಾಂಶ, ಅನುಪಾತ, ಋಣಸಂಖ್ಯೆ ಬರುತ್ತವೆ. ಅಂಕಿಯ ಜಾಗದಲ್ಲಿ ಅಕ್ಷರ ಕೂರುತ್ತದೆ. ಇದೇ ಹೊತ್ತಿಗೆ ಮಗುವಿನ ಮೈಯೂ ಬದಲಾಗುತ್ತದೆ, ಮನಸ್ಸೂ ಬದಲಾಗುತ್ತದೆ. ಸ್ನೇಹಿತರ ಮಾತು ವೇದವಾಗುತ್ತದೆ, ಅಪ್ಪ ಅಮ್ಮನ ಮಾತು ಕಿರಿಕಿರಿ ಎನಿಸುತ್ತದೆ.

ಹಿಂದೆ ಬಿದ್ದ ಮಗು ಇಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ದುಂಡಗೆ ಬರೆದುಕೊಳ್ಳುತ್ತದೆ, ನೋಟ್ಸು ಪೂರ್ತಿಯಾಗಿರುತ್ತದೆ, ಮುಂದಿನ ಕ್ಲಾಸಿಗೂ ಹೋಗುತ್ತದೆ. ‘ಅಸರ್’ ಎಂದೇ ಹೆಸರಾದ ಗ್ರಾಮೀಣ ಶಿಕ್ಷಣ ಸಮೀಕ್ಷೆ 2023ರಲ್ಲಿ ದೇಶದ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಮಾತನಾಡಿಸಿತು. ನಮ್ಮ ರಾಜ್ಯದಿಂದ ಅದರಲ್ಲಿದ್ದದ್ದು ನೆರೆಯ ಮೈಸೂರು ಜಿಲ್ಲೆ. ಒಟ್ಟಾರೆ ನೂರಕ್ಕೆ ಸುಮಾರು 25 ಮಂದಿಗೆ ತಮ್ಮದೇ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲಾಗಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಬಂದದ್ದು ಅರ್ಧಕ್ಕಿಂತ ಕಡಿಮೆ ಮಂದಿಗೆ. ಇವರಲ್ಲಿ ಬಹುತೇಕರು ಆರು, ಏಳು, ಎಂಟನ್ನು ದಾಟಿಯೇ ಬಂದವರು.

ಆದ್ದರಿಂದ ಮೊದಲ ಕೆಲಸ ಮಗು ನಿಜಕ್ಕೂ ಎಲ್ಲಿದೆ ಎಂದು ತಿಳಿಯುವುದು. ಇದಕ್ಕೆ ಪರೀಕ್ಷೆ ಬೇಡ. ಒಂದು ಭಾನುವಾರ ಬೆಳಿಗ್ಗೆ ಪತ್ರಿಕೆ ಕೊಟ್ಟು ಒಂದು ಸುದ್ದಿ ಗಟ್ಟಿಯಾಗಿ ಓದಿಸಿ. ಓದಿದ ಮೇಲೆ ಏನಾಯಿತಂತೆ ಎಂದು ಕೇಳಿ. ಏಳೆಂಟರ ಮಗ್ಗಿ ಕೇಳಿ. 500 ರೂಪಾಯಿಯಲ್ಲಿ 137 ಖರ್ಚಾದರೆ ಉಳಿದದ್ದೆಷ್ಟು ಎಂದು ಬಾಯಲ್ಲೇ ಹೇಳಿಸಿ. ತಡವರಿಸಿದರೆ ಗದರಬೇಡಿ. ಎಲ್ಲಿ ತಡವರಿಸಿತೋ ಅಲ್ಲಿಂದ ಶುರು ಮಾಡಿ, ಅದು ನಾಲ್ಕನೇ ಕ್ಲಾಸಿನ ಪುಸ್ತಕವಾದರೂ ಸರಿಯೆ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿದರೆ ಕೆಲವು ತಿಂಗಳಲ್ಲಿ ನಾಲಗೆ ತಿರುಗುತ್ತದೆ.

ಕೇಳುವವರು ಬೇಕು

ಮನೆಯವರ ಪಾಲು ಯಾವ ರೀತಿ ಇದ್ದರೆ ಈ ವಯಸ್ಸಿನ ಮಕ್ಕಳಿಗೆ ಹೆಚ್ಚು ಪ್ರಯೋಜನ ಎಂಬ ಪ್ರಶ್ನೆಯನ್ನು ಅಮೆರಿಕದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಕೈಗೆತ್ತಿಕೊಂಡರು. ಮಾಧ್ಯಮಿಕ ಹಂತದ ಮಕ್ಕಳ ಮೇಲೆ ನಡೆದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದು ಏಕೆ ಬೇಕು, ಮುಂದೆ ಏನಾಗಬೇಕೆಂದಿದ್ದೀಯ, ಇವತ್ತಿನ ಪಾಠಕ್ಕೂ ನಾಳಿನ ಬದುಕಿಗೂ ಏನು ನಂಟು ಎಂದು ಮನೆಯಲ್ಲಿ ಮಾತುಕತೆ ನಡೆಯುವ ಮಕ್ಕಳ ಕಲಿಕೆ ಎಲ್ಲಕ್ಕಿಂತ ಚೆನ್ನಾಗಿತ್ತು. ಪೋಷಕರು ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸುವ ಮನೆಗಳಲ್ಲಿ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ; ಬದಲಿಗೆ ಕಡಿಮೆಯಿತ್ತು. ಹಿಂದುಳಿದ ಮಕ್ಕಳಿಗೇ ಮನೆಯವರು ಹೆಚ್ಚು ಸಹಾಯ ಮಾಡುವುದು ಇದಕ್ಕೆ ಒಂದು ಕಾರಣವಿರಬಹುದು. ಶಾಲೆಯಲ್ಲಿ ಹೇಳಿಕೊಟ್ಟದ್ದೊಂದು, ಮನೆಯಲ್ಲಿ ಹೇಳುವುದು ಇನ್ನೊಂದು ಆಗಿ ಮಗು ಗಲಿಬಿಲಿಗೊಳ್ಳುವುದು ಇನ್ನೊಂದು ಕಾರಣವಿರಬಹುದು.

ಓದು ಬರಹ ಬಾರದ ತಾಯಂದಿರಿಗೆ ಇದಕ್ಕಿಂತ ಧೈರ್ಯ ಕೊಡುವ ಮಾತು ಬೇರೆ ಇಲ್ಲ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 76. ಅಂದರೆ ಎಷ್ಟೋ ಮನೆಗಳಲ್ಲಿ ಪುಸ್ತಕ ಓದಬಲ್ಲ ದೊಡ್ಡವರು ಇಲ್ಲ. ಮಾತಾಡಬಲ್ಲ, ಕೇಳಿಸಿಕೊಳ್ಳಬಲ್ಲ ದೊಡ್ಡವರು ಪ್ರತಿ ಮನೆಯಲ್ಲೂ ಇದ್ದಾರೆ.

ಹೊಳೆನರಸೀಪುರದ ಕಡೆಯ ಒಂದು ಹಳ್ಳಿಮನೆ ಎಂದಿಟ್ಟುಕೊಳ್ಳಿ. ಸಂಜೆ ಹಾಲು ಹಾಕಿ ಬಂದ ತಾಯಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ. ಏಳನೇ ಕ್ಲಾಸಿನ ಮಗಳು ಎದುರಿಗಿದ್ದಾಳೆ.

‘ಇವತ್ತೇನ್ ಹೇಳ್ಕೊಟ್ರು ಮಗ ಸ್ಕೂಲಲ್ಲಿ?’

‘ಗಿಡ ಅದ್ರ ಊಟ ಅದೇ ಮಾಡ್ಕೊಳ್ತದಂತೆ ಕಣವ್ವ.’

‘ನಾವು ಒಲೇಲಿ ಮಾಡ್ಕೊಳ್ತೀವಿ. ಅದೆಲ್ಲಿ ಮಾಡ್ಕೊಳ್ತದೆ?’

‘ಎಲೇಲಿ. ಬಿಸ್ಲು ಬೇಕು, ನೀರು ಬೇಕು, ಗಾಳಿ ಬೇಕು.’

‘ಹಂಗಾದ್ರೆ ರಾತ್ರಿ ಹೊತ್ತು?’

ಮಗಳು ಸುಮ್ಮನಾದಳು. ಎದ್ದು ಹೋಗಿ ಪುಸ್ತಕ ತೆಗೆದಳು.

ದ್ಯುತಿಸಂಶ್ಲೇಷಣೆ ಎಂಬ ಹೆಸರನ್ನೇ ಕೇಳಿರದ ತಾಯಿ ಆ ಪಾಠದ ಒಳಗಿನ ಪ್ರಶ್ನೆಯನ್ನೇ ಕೇಳಿದ್ದಾಳೆ. ತನಗೆ ತಿಳಿಯದ್ದನ್ನು ತಿಳಿಯುವ ಆಸೆಯಿಂದ ಕೇಳಿದ್ದರಿಂದಲೇ ಆ ಪ್ರಶ್ನೆ ಬಂತು. ಪುಸ್ತಕ ಮುಚ್ಚಿಟ್ಟು, ಕಲಿತದ್ದನ್ನು ನೆನೆದು ಹೇಳುವಾಗ ಪಾಠ ಗಟ್ಟಿಯಾಗುತ್ತದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೆ ಒಂದು ವಾರದ ಮೇಲೂ ಹೆಚ್ಚು ನೆನಪಿತ್ತು.

ಹೀಗೆ ಕೇಳುವುದಕ್ಕೂ ಒಂದು ಹದವಿದೆ. ‘ಹೋಂವರ್ಕ್ ಆಯ್ತಾ?’ ಎಂದರೆ ‘ಆಯ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಇವತ್ತು ಯಾವುದು ಅರ್ಥ ಆಗ್ಲಿಲ್ಲ?’ ಎಂದರೆ ಮಗು ಬಾಯಿ ಬಿಡುತ್ತದೆ. ತಪ್ಪು ಹೇಳಿದರೆ ನಗಬಾರದು. ‘ಅದು ಹೆಂಗೆ?’ ಎಂದು ಮತ್ತೊಮ್ಮೆ ಕೇಳಿದರೆ ಎಷ್ಟೋ ಸಲ ಅದೇ ತಿದ್ದಿಕೊಳ್ಳುತ್ತದೆ. ಇಬ್ಬರಿಗೂ ತಿಳಿಯದಿದ್ದರೆ ಒಂದು ಹಾಳೆಯಲ್ಲಿ ಬರೆಸಿಡಿ, ನಾಳೆ ಮೇಷ್ಟ್ರನ್ನು ಕೇಳಿಕೊಂಡು ಬರಲಿ. ಮೇಷ್ಟ್ರಿಗೂ ಪ್ರಶ್ನೆ ತರುವ ಮಗು ಬೇಕು.

ಹಾಲಿನ ಚೀಟಿ, ಪಹಣಿ, ತೆಂಗಿನ ಮರ

ಗಣಿತವೆಂದರೆ ನಮ್ಮ ಮಕ್ಕಳಿಗೆ ಭಯ. ಅದೇ ಗಣಿತ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿರುತ್ತದೆ, ಆದರೆ ಮಗುವನ್ನು ಅದರ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಡೇರಿಯಲ್ಲಿ ಕೊಡುವ ಹಾಲಿನ ಚೀಟಿಯನ್ನೇ ನೋಡಿ. ಅದರಲ್ಲಿ 6.4 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ 8.5, ದರ 36 ರೂಪಾಯಿ ಎಂದಿದೆ ಎಂದುಕೊಳ್ಳಿ. 6.4ನ್ನು 36ರಿಂದ ಗುಣಿಸಿದರೆ 230 ರೂಪಾಯಿ 40 ಪೈಸೆ. ಆರನೇ ಕ್ಲಾಸಿನ ದಶಮಾಂಶ ಗುಣಾಕಾರ ಇದೇ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿಯಂತೆ ಎಷ್ಟು? 32 ರೂಪಾಯಿ. ಫ್ಯಾಟ್ 4.1 ಎಂದರೆ ನೂರಕ್ಕೆ 4.1. ಲೀಟರನ್ನು ಕಿಲೋ ಎಂದೇ ಹಿಡಿದರೆ ಆ ಹೊತ್ತಿನ ಹಾಲಿನಲ್ಲಿ ಸುಮಾರು 260 ಗ್ರಾಂ ಕೊಬ್ಬು ಇತ್ತು. ಇದು ಶೇಕಡಾವಾರು ಲೆಕ್ಕ. ಹದಿನೈದು ದಿನದ ಚೀಟಿ ಜೋಡಿಸಿ ಸರಾಸರಿ ತೆಗೆದರೆ ಏಳನೇ ಕ್ಲಾಸಿನ ಇನ್ನೊಂದು ಪಾಠ. ಹಿಂಡಿ, ಬೂಸಾ ಖರ್ಚು ಕಳೆದರೆ ಲಾಭ ನಷ್ಟದ ಪಾಠ. ಡೇರಿಯ ಬಟವಾಡೆ ಲೆಕ್ಕ ನೋಡುವ ಕೆಲಸವನ್ನು ಮಗುವಿಗೆ ಒಪ್ಪಿಸಿ. ತನ್ನ ಲೆಕ್ಕದ ಮೇಲೆ ಮನೆ ನಡೆಯುತ್ತಿದೆ ಎಂದು ತಿಳಿದ ಮಗು ದಶಮಾಂಶ ಬಿಂದುವನ್ನು ಎಲ್ಲೆಂದರಲ್ಲಿ ಇಡುವುದಿಲ್ಲ.

ಜಮೀನಿನ ಪಹಣಿ ತೆಗೆದು ತೋರಿಸಿ. ವಿಸ್ತೀರ್ಣದ ಕಡೆ 1-20 ಎಂದಿದ್ದರೆ ಎಷ್ಟು ಎಕರೆ ಎಂದು ಕೇಳಿ. ತುಂಬ ಮಕ್ಕಳು ‘ಒಂದು ಪಾಯಿಂಟ್ ಎರಡು’ ಎನ್ನುತ್ತಾರೆ. ಎಕರೆಗೆ 40 ಗುಂಟೆ, ಆದ್ದರಿಂದ ಅದು ಒಂದೂವರೆ ಎಕರೆ ಎಂದು ಅಪ್ಪ ಹೇಳಿದಾಗ ದಶಮಾಂಶಕ್ಕೂ ಭಿನ್ನರಾಶಿಗೂ ಇರುವ ವ್ಯತ್ಯಾಸ ಜೀವಮಾನಕ್ಕೆ ಮರೆಯದಂತೆ ತಲೆಗೆ ಹೋಗುತ್ತದೆ. ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ, 1,089 ಚದರ ಅಡಿ. ಅದರ ನಲವತ್ತು ಪಾಲು 43,560 ಚದರ ಅಡಿ, ಒಂದು ಎಕರೆ. ಹಗ್ಗ ಹಿಡಿದು ಹೊಲದಲ್ಲೇ ಒಂದು ಗುಂಟೆ ಅಳೆಸಿ. ಸುತ್ತಳತೆ ಯಾವುದು, ವಿಸ್ತೀರ್ಣ ಯಾವುದು ಎಂಬ ಗೊಂದಲ ಅಲ್ಲೇ ಹರಿಯುತ್ತದೆ.

ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿನ ಮರವಿದೆ. ಮರ ಹತ್ತದೆ ಅದರ ಎತ್ತರ ಕಂಡುಹಿಡಿಯಲು ಹೇಳಿ. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಲಿ. ಕೋಲಿನ ನೆರಳು 80 ಸೆಂಟಿಮೀಟರ್, ಅದೇ ಹೊತ್ತಿನಲ್ಲಿ ಮರದ ನೆರಳು 12 ಮೀಟರ್ ಇದ್ದರೆ ಮರ 15 ಮೀಟರ್ ಎತ್ತರ. ಎಂಟನೇ ಕ್ಲಾಸಿನ ನೇರ ಅನುಪಾತ ಇದೇ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿಯ ಗೊಮ್ಮಟ ನಿಂತಿದ್ದಾನೆ. ನಮ್ಮ ತೋಟದ ಮರ ಎತ್ತರವೋ ಗೊಮ್ಮಟನೋ ಎಂಬ ಪ್ರಶ್ನೆ ಹಾಕಿದರೆ ಅಡಿಯನ್ನು ಮೀಟರಿಗೆ ತರುವ ಲೆಕ್ಕವನ್ನು ಮಗು ತಾನಾಗಿಯೇ ಮಾಡುತ್ತದೆ. ಗೊಮ್ಮಟನನ್ನು ಕಡೆಸಿದವನು ಯಾರು, ಕ್ರಿ.ಶ. 981ರ ಸುಮಾರಿಗೆ ಇಲ್ಲಿ ಆಳುತ್ತಿದ್ದ ಗಂಗರು ಯಾರು, ಅವರ ಮಂತ್ರಿ ಚಾವುಂಡರಾಯ ಯಾರು ಎಂದು ಮಾತು ಸಮಾಜ ಪುಸ್ತಕಕ್ಕೆ ಹೊರಳುತ್ತದೆ. ಚಂದ್ರಗಿರಿ, ವಿಂಧ್ಯಗಿರಿ ಬೆಟ್ಟಗಳ ಮೇಲೆ ನೂರಾರು ಶಾಸನಗಳಿವೆ. ಬಿ.ಎಲ್. ರೈಸ್ 1889ರಲ್ಲೇ ಅವುಗಳ ಸಂಪುಟ ಪ್ರಕಟಿಸಿದ್ದರು. ಪುಸ್ತಕದಲ್ಲಿ ಓದುವ ಇತಿಹಾಸ ತಮ್ಮ ತಾಲ್ಲೂಕಿನ ಬಂಡೆಯ ಮೇಲೇ ಇದೆ ಎಂದು ಕಂಡ ಮಗುವಿಗೆ ಇಸವಿಗಳು ಹೊರೆಯಾಗುವುದಿಲ್ಲ.

ಆಲೂಗಡ್ಡೆ ಹೊಲದ ವಿಜ್ಞಾನ

ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಎಂಬ ಪಾಠವನ್ನು ನಮ್ಮ ಮಕ್ಕಳು ಓದಿಕೊಂಡು ಬಂದಿದ್ದಾರೆ. ಉಳುಮೆ, ಬೀಜದ ಆಯ್ಕೆ, ಗೊಬ್ಬರ, ನೀರಾವರಿ, ಕಳೆ, ಒಕ್ಕಣೆ. ಈ ಪಾಠಕ್ಕೆ ಹಾಸನ ಜಿಲ್ಲೆಯ ರೈತನಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. ಆದರೂ ಮಕ್ಕಳು ಈ ಪಾಠದ ಪ್ರಶ್ನೋತ್ತರವನ್ನು ಗೈಡಿನಿಂದ ಉರು ಹೊಡೆಯುತ್ತಾರೆ, ತಂದೆಗೆ ಅದು ತನ್ನದೇ ಪಾಠವೆಂದು ಗೊತ್ತೇ ಆಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ. ರಜೆಯಲ್ಲಿರುವ ಮಗುವನ್ನು ಕರೆದುಕೊಂಡು ಹೋಗಿ. ಬೀಜ ಅಷ್ಟು ದೂರದಿಂದ ಏಕೆ ಬರಬೇಕು, ಕಣ್ಣು ಬಿಟ್ಟ ಗಡ್ಡೆಯನ್ನು ಹೋಳು ಮಾಡುವುದು ಹೇಗೆ, ಔಷಧಿಯಲ್ಲಿ ಅದ್ದುವುದೇಕೆ ಎಂದು ತೋರಿಸಿ. ಮೋಡ ಮುಸುಕಿ ಜಡಿಮಳೆ ಹಿಡಿದಾಗ ಅಂಗಮಾರಿ ಬಂದು ಎರಡು ಮೂರು ದಿನದಲ್ಲಿ ಹಸಿರು ಹೊಲ ಕರಗಿಹೋಗುವುದನ್ನು ಈ ಜಿಲ್ಲೆಯ ರೈತರು ಕಣ್ಣಾರೆ ಕಂಡಿದ್ದಾರೆ. ಅದಕ್ಕೆ ಕಾರಣ ಶಿಲೀಂಧ್ರವನ್ನು ಹೋಲುವ ಒಂದು ಸೂಕ್ಷ್ಮಜೀವಿ. ಇದೇ ರೋಗ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಬಂದು, ಮುಂದಿನ ವರ್ಷಗಳ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಲಕ್ಷಾಂತರ ಜನ ದೇಶ ಬಿಟ್ಟರು. ಅಪ್ಪನ ನಷ್ಟಕ್ಕೂ ಪ್ರಪಂಚದ ಚರಿತ್ರೆಗೂ ನಂಟಿದೆ ಎಂದು ತಿಳಿದ ಮಗುವಿಗೆ ಸೂಕ್ಷ್ಮಜೀವಿಗಳ ಪಾಠ ಬರಿಯ ಹೆಸರುಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ಅಡುಗೆ ಮನೆಯಲ್ಲೂ ಪಾಠವಿದೆ. ಬಟ್ಟೆಯ ಮೇಲಿನ ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ, ನಿಂಬೆರಸ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಇಷ್ಟು ಸಾಕು. ಹಾಲಿಗೆ ಹೆಪ್ಪು ಹಾಕುವಾಗ ಒಂದು ಲೋಟ ಬೆಚ್ಚಗಿನ ಹಾಲು, ಒಂದು ಲೋಟ ತಣ್ಣನೆಯ ಹಾಲು ಇಟ್ಟು ಯಾವುದು ಮೊದಲು ಮೊಸರಾಗುತ್ತದೆ ಎಂದು ಬರೆದಿಡಲಿ.

ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರಿನ ಮಟ್ಟ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಪೂರ್ಣ ಮಟ್ಟ 2,922 ಅಡಿ, ತುಂಬಿದರೆ ಸುಮಾರು 37.1 ಟಿಎಂಸಿ. ಜುಲೈ ತಿಂಗಳಿಡೀ ದಿನದ ಮಟ್ಟವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲು ಹೇಳಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ದಿನದಲ್ಲಿ ಒಂದು ಟಿಎಂಸಿ ಬರಬೇಕಾದರೆ ಒಳಹರಿವು ಎಷ್ಟಿರಬೇಕು? ಸುಮಾರು 11,574 ಕ್ಯೂಸೆಕ್. ಈ ಲೆಕ್ಕವನ್ನು ಮಗು ತಾನೇ ಹಾಕಿದ ದಿನದಿಂದ ಸುದ್ದಿಯನ್ನು ಓದುವ ರೀತಿಯೇ ಬೇರೆಯಾಗುತ್ತದೆ.

ಇಂಗ್ಲಿಷ್ ಬಾರದ ಮನೆ

ಹಾಸನ ಪಟ್ಟಣದ ಬಡಾವಣೆಗಳಲ್ಲಷ್ಟೇ ಅಲ್ಲ, ಹಳ್ಳಿಹಳ್ಳಿಗೂ ಹಳದಿ ಬಸ್ಸು ಬರುತ್ತದೆ. ಮಗು ಇಂಗ್ಲಿಷ್ ಮೀಡಿಯಂ, ಮನೆಯವರಿಗೆ ಇಂಗ್ಲಿಷ್ ಬಾರದು. ಇದೇ ಕಾರಣಕ್ಕೆ ಮನೆಯವರು ಪುಸ್ತಕದ ಹತ್ತಿರ ಹೋಗಲು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳು ಎನ್ನಿ. ಅರ್ಥವಾಗಿದ್ದರೆ ಮಾತ್ರ ಹೇಳಲು ಬರುತ್ತದೆ, ಉರು ಹೊಡೆದಿದ್ದರೆ ಬರುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಇನ್ನೊಂದು ಅನುಕೂಲವಿದೆ. ಗಣಿತ, ವಿಜ್ಞಾನಗಳಲ್ಲಿ ಎರಡೂ ಮಾಧ್ಯಮದ ಪಾಠ ಒಂದೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಪುಸ್ತಕ ಪುಕ್ಕಟೆ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಕ್ಕಪಕ್ಕದ ಮಕ್ಕಳ ಹಳೆಯ ಪುಸ್ತಕವಾದರೂ ಆದೀತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಮಗುವಿಗೆ ವಿಷಯವೂ ತಿಳಿಯುತ್ತದೆ, ಇಂಗ್ಲಿಷೂ ಬರುತ್ತದೆ.

ಪಠ್ಯದ ಹೊರಗಿನ ಓದೂ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಆ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ವಾರಕ್ಕೊಮ್ಮೆ ಮಗುವನ್ನು ಅಲ್ಲಿಗೆ ಕಳಿಸಿ. ತಮ್ಮ ಊರಿನ ಕಡೆಯ ಮಾತು, ಜನ ಇರುವ ಪುಸ್ತಕ ಕೈಗೆ ಸಿಕ್ಕರೆ ಮಕ್ಕಳು ಬಿಡದೆ ಓದುತ್ತಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಹಳ್ಳಿಯ ಚಿತ್ರಗಳು’ ಹೇಮಾವತಿ ದಡದಿಂದಲೇ ಬಂದ ಪುಸ್ತಕ. ಸಂಜೆ ಅಜ್ಜಿಗೆ ಒಂದು ಪುಟ ಓದಿ ಹೇಳುವ ಕೆಲಸ ಮಗುವಿನದಾಗಲಿ. ಓದು ಸರಾಗವಾಗುತ್ತದೆ, ಅಜ್ಜಿಯ ಬಾಯಿಂದ ಇನ್ನೆರಡು ಕಥೆ ಬರುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದವರು ಎಸ್.ಎಲ್. ಭೈರಪ್ಪ. ಅವರ ‘ಗೃಹಭಂಗ’ ಕಾದಂಬರಿಯ ನಂಜಮ್ಮ, ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕೂತು ಬರೆದು ಸಂಸಾರ ತೂಗಿಸಿದವಳು. ಆ ಪಾತ್ರದ ಹಿಂದೆ ಭೈರಪ್ಪನವರ ತಾಯಿಯ ಬದುಕಿದೆ. ಬಡತನ, ಪ್ಲೇಗು ಎಲ್ಲವನ್ನೂ ಕಂಡ ಹುಡುಗ ವಾರಾನ್ನದಲ್ಲಿ ಓದಿ ಕನ್ನಡದ ದೊಡ್ಡ ಲೇಖಕನಾದ. ಶಾಲೆ ಕೊಟ್ಟದ್ದಲ್ಲದೆ ಆ ತಾಯಿ ಕೊಟ್ಟದ್ದೂ ಅವರ ಬೆನ್ನಿಗಿತ್ತು. ಹಣವಿಲ್ಲದ ಮನೆಯೂ ಮಗುವಿಗೆ ಓದಿನ ಬಗ್ಗೆ ಮರ್ಯಾದೆ ಕಲಿಸಬಲ್ಲದು.

ಹೊತ್ತು, ನಿದ್ದೆ, ದುಡಿಮೆ

ದಿನಕ್ಕೊಂದು ಗಂಟೆ ಮನೆಯಲ್ಲಿ ಓದಿನ ಹೊತ್ತು ಇರಲಿ. ಹಾಲು ಹಾಕಿ ಬಂದ ಮೇಲೆ ಏಳರಿಂದ ಎಂಟು ಆಗಬಹುದು. ಆ ಒಂದು ಗಂಟೆ ಟಿ.ವಿ. ಬೇಡ, ದೊಡ್ಡವರ ಕೈಯಲ್ಲೂ ಮೊಬೈಲ್ ಬೇಡ. ಧಾರಾವಾಹಿ ನೋಡುತ್ತ ‘ಓದ್ಕೋ ಹೋಗು’ ಎಂದರೆ ಮಗುವಿನ ಕಿವಿ ಟಿ.ವಿ. ಕಡೆಗೇ ಇರುತ್ತದೆ. ಬೇರೆ ಕೋಣೆ, ಮೇಜು ಇಲ್ಲದಿದ್ದರೂ ಪರವಾಗಿಲ್ಲ. ಒಂದು ಮೂಲೆ, ಒಂದು ಚಾಪೆ, ಒಳ್ಳೆಯ ಬೆಳಕು ಇದ್ದರೆ ಸಾಕು. ಓದಿಗೆಂದು ಮೊಬೈಲ್ ಕೊಟ್ಟರೆ ನಡುಮನೆಯಲ್ಲಿ ಎಲ್ಲರ ಕಣ್ಣೆದುರಿಗೆ ನೋಡಲಿ. ರಾತ್ರಿ ಮಲಗುವ ಜಾಗಕ್ಕೆ ಮೊಬೈಲ್ ಹೋಗುವುದು ಬೇಡ.

ಹನ್ನೆರಡು ವರ್ಷದವರೆಗಿನ ಶಾಲಾಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರು ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಸಲಹೆ. ಹಗಲು ಕಲಿತದ್ದು ನೆನಪಿನಲ್ಲಿ ನಿಲ್ಲುವುದಕ್ಕೂ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುವ ಏಳನೇ ಕ್ಲಾಸಿನ ಮಗು ಶಾಲೆಯಲ್ಲಿ ತೂಕಡಿಸುತ್ತದೆ, ನಾವು ಅದನ್ನು ಸೋಮಾರಿ ಎನ್ನುತ್ತೇವೆ.

ಮನೆಗೆಲಸ ಮಾಡುವುದು ತಪ್ಪಲ್ಲ, ಆದರೆ ಕೆಲಸಕ್ಕಾಗಿ ಶಾಲೆ ತಪ್ಪಬಾರದು. ಅರಕಲಗೂಡು ತಾಲ್ಲೂಕಿನಲ್ಲಿ ರಾಮನಾಥಪುರ, ಕೊಣನೂರು ಕಡೆಯ ಹೊಗೆಸೊಪ್ಪಿನ ಊರುಗಳಲ್ಲಿ ಸೊಪ್ಪು ಮುರಿದು ಹದ ಮಾಡುವ ಬ್ಯಾರನ್‌ಗೆ ಹಾಕುವ ಕಾಲ ಶಾಲೆಯ ನಡುವರ್ಷಕ್ಕೇ ಬೀಳುತ್ತದೆ. ಕೂಲಿಯಾಳು ಸಿಗುವುದಿಲ್ಲ, ಕೂಲಿ ದುಬಾರಿ, ಕಷ್ಟ ನಿಜ. ಆದರೂ ಮಕ್ಕಳನ್ನು ಹಸಿ ಸೊಪ್ಪಿನ ಕೆಲಸಕ್ಕೆ ಹಚ್ಚಬೇಡಿ. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ಬರಿಸುತ್ತದೆ. ಒಂದು ವಾರ ಶಾಲೆ ತಪ್ಪಿದ ಮಗು ಗಣಿತದ ಒಂದು ಪಾಠವನ್ನೇ ಕಳೆದುಕೊಳ್ಳುತ್ತದೆ, ಮುಂದಿನ ಪಾಠಗಳೆಲ್ಲ ಅದರ ಮೇಲೆ ನಿಂತಿರುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೈನೆರೆಯುವುದೂ ಈ ಮೂರು ವರ್ಷಗಳಲ್ಲೇ. ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ಬಿಡಿಸಿದರೆ ವರ್ಷಕ್ಕೆ ಒಂದು ತಿಂಗಳಿಗಿಂತ ಹೆಚ್ಚು ಪಾಠ ಹೋಗುತ್ತದೆ. ಮೊದಲೇ ಕೂತು ಮಾತಾಡಿ, ಭಯ ಬಿಡಿಸಿ, ಶಾಲೆಗೆ ಕಳಿಸಿ. ತಮ್ಮನಿಗೆ ಓದು, ಅಕ್ಕನಿಗೆ ಪಾತ್ರೆ ಎಂಬ ಪದ್ಧತಿ ಇನ್ನು ಸಾಕು.

ಮಾರ್ಕ್ಸ್ ಕಾರ್ಡು ಮತ್ತು ಮೇಷ್ಟ್ರು

ಮಾರ್ಕ್ಸ್ ಕಡಿಮೆ ಬಂದ ದಿನ ಹೊಡೆಯುವುದು, ಪಕ್ಕದ ಮನೆಯ ಹುಡುಗನಿಗೆ ಹೋಲಿಸುವುದು, ಎರಡೂ ಮಗುವಿಗೆ ಸುಳ್ಳು ಹೇಳುವುದನ್ನಷ್ಟೇ ಕಲಿಸುತ್ತವೆ. ಮಾರ್ಕ್ಸ್ ಕಾರ್ಡಿಗಿಂತ ಉತ್ತರ ಪತ್ರಿಕೆ ನೋಡಿ. ತಪ್ಪಿದ ಪ್ರಶ್ನೆಗಳನ್ನು ಮೂರು ಗುಂಪು ಮಾಡಿಸಿ: ಗೊತ್ತಿದ್ದೂ ಕೈತಪ್ಪಿದ್ದು, ಅರ್ಥವೇ ಆಗದಿದ್ದದ್ದು, ಹೊತ್ತು ಸಾಲದೆ ಬಿಟ್ಟದ್ದು. ಮೊದಲನೆಯದಕ್ಕೆ ಅಭ್ಯಾಸ ಬೇಕು, ಎರಡನೆಯದಕ್ಕೆ ಮೇಷ್ಟ್ರು ಬೇಕು, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಬರೆಯುವ ರೂಢಿ ಬೇಕು. ಮೂರಕ್ಕೂ ಬೈಗುಳ ಮದ್ದಲ್ಲ. ‘ನೀನು ಬುದ್ಧಿವಂತ’ ಎಂದು ಹೊಗಳುವುದಕ್ಕಿಂತ ‘ಈ ಲೆಕ್ಕಾನ ಬಿಡದೆ ಮಾಡಿದೆಯಲ್ಲ’ ಎಂದು ಮಾಡಿದ ಕೆಲಸವನ್ನು ಮೆಚ್ಚಿಕೊಳ್ಳಿ.

ಪೋಷಕರ ಸಭೆಗೆ ತಪ್ಪದೆ ಹೋಗಿ. ತಾಯಿ ಹೋದರೂ ಸರಿ, ತಂದೆ ಹೋದರೂ ಸರಿ. ‘ನಮ್ ಹುಡುಗ ಹೆಂಗೆ ಸಾರ್?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ‘ಯಾವ ಪಾಠದಲ್ಲಿ ಹಿಂದಿದ್ದಾನೆ? ಮನೆಯಲ್ಲಿ ನಾವು ಏನು ಮಾಡಿಸಬೇಕು?’ ಎಂದು ಕೇಳಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಪೋಷಕರೇ ಸದಸ್ಯರು. ಕಟ್ಟಡ, ಬಣ್ಣದ ಮಾತಿನ ಜೊತೆಗೆ ಓದಿನ ಮಾತೂ ಅಲ್ಲಿ ಬರಲಿ.

ಎಂಟನೇ ಕ್ಲಾಸಿನ ಮಕ್ಕಳ ಪೋಷಕರು ತಿಳಿದಿರಬೇಕಾದ ಇನ್ನೊಂದು ವಿಷಯ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿರುವ, ವರ್ಷದ ಆದಾಯ 3.5 ಲಕ್ಷ ರೂಪಾಯಿ ಮೀರದ ಮನೆಯ ಮಕ್ಕಳು ಇದನ್ನು ಬರೆಯಬಹುದು. ಏಳನೇ ಕ್ಲಾಸಿನಲ್ಲಿ ಶೇ 55 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 5 ವಿನಾಯಿತಿ. ತಲಾ 90 ಅಂಕದ ಎರಡು ಪತ್ರಿಕೆ, ಒಂದು ಬುದ್ಧಿಶಕ್ತಿಗೆ, ಇನ್ನೊಂದು ಪಾಠಗಳಿಗೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಇದಕ್ಕೆ ಬೇಕಾದ ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಕಾಗದ ಸಿಗದೆ ಅರ್ಹ ಮಗುವಿನ ಅವಕಾಶ ತಪ್ಪಬಾರದು. ಮಾವಿನಕೆರೆಯ ನವೋದಯ ವಿದ್ಯಾಲಯಕ್ಕೆ ಐದನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು ಸೀಟು ಸಿಗದವರಿಗೆ, ಎಂಟರಲ್ಲಿದ್ದಾಗ ಒಂಬತ್ತಕ್ಕೆ ಖಾಲಿ ಉಳಿದ ಸೀಟುಗಳಿಗೆ ಮತ್ತೊಂದು ಪರೀಕ್ಷೆ ಇರುತ್ತದೆ.

ಟ್ಯೂಷನ್ ಕೆಲವರಿಗೆ ಬೇಕಾಗಬಹುದು, ಎಲ್ಲರಿಗೂ ಬೇಡ. ಟ್ಯೂಷನ್ನಿಗೆ ಹಣ ಕಟ್ಟಬಹುದು. ಮಗುವಿನ ಎದುರು ಕೂತು ‘ಅದು ಹೆಂಗೆ?’ ಎಂದು ಕೇಳುವ ಕೆಲಸವನ್ನು ಯಾರಿಗೂ ಗುತ್ತಿಗೆ ಕೊಡಲಾಗುವುದಿಲ್ಲ. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿರುವ ಪ್ರತಿ ಮನೆಗೂ ನನ್ನ ವಿನಂತಿ ಇಷ್ಟೇ: ಇವತ್ತು ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಪುಸ್ತಕ ಮುಚ್ಚಿಸಿ, ಇವತ್ತು ಕಲಿತದ್ದನ್ನು ಹೇಳಿಸಿ, ಪೂರ್ತಿ ಕೇಳಿ. ನಾಳೆಯೂ ಕೇಳಿ. ಹತ್ತನೇ ಕ್ಲಾಸು ಬರುವವರೆಗೆ ಕಾಯಬೇಡಿ.